ಕಾಗೆಗೆ ಕೊಟ್ಟ ಮಾತು, ಕುದುರೆಗೆ ಕೊಟ್ಟ ಹಯಗ್ರೀವ

ಕಾಗೆ ಇಳಿಸುವುದರಲ್ಲಿ ನಮ್ಮ ಬಳಗದಲ್ಲಿ ನನಗೆ ದೊಡ್ಡ ಹೆಸರಿದೆ.

ನಿಮಗೆ ಗೊತ್ತಿರುವುದೇ. ಹೋದವರ ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಪಿಂಡ ಇಟ್ಟು, ಕಾಗೆ ಬಂದು ಮುಟ್ಟಲಿ ಎಂದು ಕಾಯುತ್ತಾರೆ. ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದರ್ಥ, ಇದ್ದವರಿಗೆ ಊಟ ಎಂದರ್ಥ. ಕೆಲವು ಸಲ ಕಾಗೆ ಬರುವುದಿಲ್ಲ. ಬಂದರೂ ಮರದ ಮೇಲೆ ಕೂತು ಸುಮ್ಮನೆ ನೋಡುತ್ತದೆ. ಆಗ ಹೋದವರಿಗೆ ಯಾವುದೋ ಆಸೆ ಉಳಿದಿದೆ ಎಂದು ತಿಳಿದು, ಅದನ್ನು ನಡೆಸಿಕೊಡುತ್ತೇವೆ ಎಂದು ಯಾರಾದರೂ ಗಟ್ಟಿಯಾಗಿ ಮಾತು ಕೊಡಬೇಕು. ನಮ್ಮಲ್ಲಿ ಆ ಯಾರಾದರೂ ಎಂದರೆ ನಾನೇ! ಹೊಳೆನರಸೀಪುರದಲ್ಲಿ ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕೂಗಿದ ಗಂಟಲು ಇದು. ಹೇಮಾವತಿಯ ಆಚೆ ದಡದ ಕಾಗೆಗೂ ಕೇಳಿಸುತ್ತದೆ.

ಒಬ್ಬ ದೊಡ್ಡಮ್ಮನ ಕಾಗೆ ಎರಡು ಗಂಟೆ ಸತಾಯಿಸಿತ್ತು. "ನಿನ್ನ ಕಿರೀ ಮಗಳ ಮದುವೆ ಮಾಡಿಸ್ತೀವಿ!" ಎಂದು ಕೂಗಿದೆ. ತಟ್ಟನೆ ಇಳಿಯಿತು. ಆ ಮಗಳಿಗೆ ಮದುವೆ ಬೇಕಿರಲಿಲ್ಲ, ಅದು ಬೇರೆ ವಿಷಯ. ಚನ್ನರಾಯಪಟ್ಟಣದ ಮಾವ ಒಬ್ಬರು ಹೋದಾಗ, "ನಿಮ್ಮ ಗಂಡುಮಕ್ಕಳಿಬ್ಬರೂ ಇನ್ನು ಮೇಲೆ ಪರಸ್ಪರ ಮಾತಾಡ್ತಾರೆ!" ಎಂದೆ. ಕಾಗೆ ಬಂತು, ಊಟವಾಯಿತು, ಸಂಜೆಯೇ ಅವರು ಮಾತಾಡಿದರು. ಆ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ನನ್ನ ಯಶಸ್ಸಿನ ಗುಟ್ಟು ಇಷ್ಟೇ. ಮಾತು ಕೊಡುವವನು ನಾನು, ನಡೆಸಬೇಕಾದವರು ಹೋದವರ ಮಕ್ಕಳು. ಹಾಗಾಗಿ ಧಾರಾಳವಾಗಿ ಕೊಡುತ್ತಿದ್ದೆ. ಆದರೆ ನನ್ನ ಭಾವ ರಾಘಣ್ಣನಿಗೆ ಮಕ್ಕಳಿರಲಿಲ್ಲ. ಮದುವೆಯೇ ಆಗಿರಲಿಲ್ಲ. ಈ ಸಣ್ಣ ಲೆಕ್ಕವನ್ನು ಗಣಿತದ ಮೇಷ್ಟ್ರಾದ ನಾನು ಹಸಿವಿನಲ್ಲಿ ಹಾಕಲಿಲ್ಲ.

ರಾಘಣ್ಣ ನನ್ನ ಹೆಂಡತಿ ವನಜಳ ಅಣ್ಣ. ಮೈಸೂರಿನಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯಾದ ಮೇಲೆ ಹಾಸನದಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅವರಿಗೆ ಇದ್ದ ಒಂದೇ ಹುಚ್ಚು ರೇಸ್ ಕುದುರೆ. ಜೂಜಾಡುತ್ತಿರಲಿಲ್ಲ! ಬರೀ ಕುದುರೆ ನೋಡುವುದಕ್ಕೆ, ಹಾಸನಕ್ಕೆ ಬಂದ ಮೇಲೂ ಬಸ್ಸು ಹತ್ತಿ, ಮೈಸೂರಿನ ರೇಸ್ ಕೋರ್ಸಿಗೆ ಹೋಗುತ್ತಿದ್ದರು. ಈ ಮಾತನ್ನು ನಮ್ಮ ಬಂಧುಗಳು ಯಾರೂ ನಂಬಲಿಲ್ಲ. ಜೂಜಾಡುವವನನ್ನು ಕ್ಷಮಿಸಬಹುದು, ಸುಮ್ಮನೆ ನೋಡಿ ಬರುವವನನ್ನು ಏನು ಮಾಡುವುದು? ಅವರ ಕಣ್ಮಣಿ ತೂಫಾನ್ ಮಹಾರಾಜ ಎಂಬ ಕುದುರೆ. ಒಂದು ರೇಸನ್ನೂ ಗೆದ್ದದ್ದಿಲ್ಲ. ಅದನ್ನು ಓಟದಿಂದ ತೆಗೆದುಹಾಕಿದ ಸುದ್ದಿ ಬಂದ ದಿನ ನನಗೆ ಫೋನು ಮಾಡಿದ್ದರು.

"ಶ್ರೀಪತಿ, ತೂಫಾನ್ ರಿಟೈರ್ ಆದ ಕಣಯ್ಯ. ಓಡೋದು ನಿಂತ್ಮೇಲೆ ಅವನ್ನ ಯಾರೂ ಕೇಳಲ್ಲ. ಎಲ್ಲಿ ಕಳಿಸ್ತಾರೋ ಏನೋ."

"ಪೆನ್ಶನ್ ಬರುತ್ತೇನು ಭಾವ?" ಎಂದು ಕೇಳಿ ನಾನು ನಕ್ಕಿದ್ದೆ. ಅವರು ನಗಲಿಲ್ಲ.

ಮುಂದೆ ಮೂರು ತಿಂಗಳಿಗೆ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದರು. ವನಜ ನೋಡಲು ಹೊರಟಳು. ನಾನು, "ಏನೂ ಆಗಿಲ್ಲ, ಭಾನುವಾರ ಆರಾಮಾಗಿ ಹೋಗೋಣ, ಬಸ್ಸಲ್ಲಿ ಸೀಟೂ ಸಿಗುತ್ತೆ" ಎಂದೆ. ರಾಘಣ್ಣ ಶುಕ್ರವಾರವೇ ಹೋಗಿಬಿಟ್ಟರು.

ವನಜ ಅದಕ್ಕೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಎಲ್ಲ ಸೇರಿದೆವು. ವನಜಳ ಚಿಕ್ಕಪ್ಪ ಅರಕಲಗೂಡಿನಿಂದ ವ್ಯಾನಿನ ತುಂಬ ಜನ ಕರೆತಂದಿದ್ದರು. ಅವರ ಮಗನೇ ಕರ್ಮಕ್ಕೆ ಕೂತಿದ್ದ. ಗಂಟೆ ಎರಡಾಯಿತು. ಹೊಂಗೆ ಮರದ ಮೇಲೆ ಒಂದೇ ಒಂದು ಕಾಗೆ. ಅದಕ್ಕೆ ಪಿಂಡದ ಮೇಲೆ ಯಾವ ಆಸಕ್ತಿಯೂ ಇರಲಿಲ್ಲ.

"ಅಳಿಯಂದ್ರೇ, ಸ್ವಲ್ಪ ನೋಡಿ. ನನಗೆ ಶುಗರ್ ಇದೆ" ಎಂದರು ಚಿಕ್ಕಪ್ಪ.

ನಾನು ಪಂಚೆ ಬಿಗಿದು ಮುಂದೆ ಬಂದೆ. "ಭಾವಾ! ನಿಮ್ಮ ಪುಸ್ತಕ, ಪೇಪರ್ ಕಟಿಂಗ್ ಎಲ್ಲ ಜೋಪಾನ ಮಾಡ್ತೀವಿ!" ಕಾಗೆ ಅಲ್ಲಾಡಲಿಲ್ಲ. "ಭಾವಾ! ಬಾಡಿಗೆ ಮನೆಗೆ ಸುಣ್ಣ ಬಳಿಸಿ ವಾಪಸ್ ಕೊಡ್ತೀವಿ!" ಊಹೂಂ. "ಭಾವಾ! ವನಜನ್ನ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ!" ಎಂದೆ. ಕಾಗೆ ಕೊಂಬೆಯ ಮೇಲೆ ತಿರುಗಿ ಆ ಕಡೆ ಮುಖ ಮಾಡಿ ಕೂತಿತು. ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ವನಜ ಕೆಮ್ಮಿದಳು.

ಬಂಧುಗಳ ಕಣ್ಣೆಲ್ಲ ನನ್ನ ಮೇಲೆ. ಹೊಟ್ಟೆ ಚುರುಗುಟ್ಟುತ್ತಿದೆ. ಇಷ್ಟು ವರ್ಷದ ಹೆಸರು ಕೈತಪ್ಪುವ ಹೊತ್ತು! ನಾನು ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ, ಶುದ್ಧ ಗ್ರಾಂಥಿಕ ಭಾಷೆಯಲ್ಲಿ ಘೋಷಿಸಿದೆ: "ಭಾವಾ! ತಮ್ಮ ಸ್ಮರಣಾರ್ಥ, ಓಟದಿಂದ ನಿವೃತ್ತವಾದ ಕುದುರೆಗಳಿಗೆ ನಾನು ಆಸರೆಯಾಗುತ್ತೇನೆ! ತೂಫಾನ್ ಮಹಾರಾಜನೂ ಸೇರಿದಂತೆ!"

ಕಾಗೆ ಬಂತು. ಹಾರಿ ಬರಲಿಲ್ಲ, ಬಿದ್ದ ಹಾಗೆ ಬಂತು. ಮೂರು ಪಿಂಡವನ್ನೂ ಕುಕ್ಕಿತು. ಎಲ್ಲರೂ ಕೈಮುಗಿದರು. ಚಿಕ್ಕಪ್ಪ ನನ್ನ ಬೆನ್ನು ತಟ್ಟಿದರು. ವನಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ದಿನ ನಾನು ಎರಡು ಸಲ ಹುಳಿ ಹಾಕಿಸಿಕೊಂಡೆ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಕಾಫಿ ತಂದು ಮುಂದಿಟ್ಟ ವನಜ ಕೇಳಿದಳು.

"ಕುದುರೆ ವಿಷಯ ಏನು ಮಾಡಿದ್ರಿ?"

"ಯಾವ ಕುದುರೆ?"

ಆಕೆ ಕಾಫಿ ಲೋಟವನ್ನು ವಾಪಸ್ ತೆಗೆದುಕೊಂಡಳು. "ಅಣ್ಣ ಬದುಕಿದ್ದಾಗ ಒಂದು ಮಾತು ಹೇಳಿದ್ರಿ, ಭಾನುವಾರ ಅಂತ. ಅದು ನಡೀಲಿಲ್ಲ. ಸತ್ತ ಮೇಲೆ ಒಂದು ಹೇಳಿದೀರಿ. ಇದಾದ್ರೂ ನಡೀಬೇಕು. ನಡೀಲಿಲ್ಲ ಅಂದ್ರೆ ನಿಮ್ಮ ಬಾಯಿಂದ ಬಂದ ಯಾವ ಮಾತನ್ನೂ ನಾನು ಇನ್ನು ನಂಬಲ್ಲ ರೀ."

ಜಗಳದ ದನಿಯಲ್ಲ. ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಎನ್ನುವ ದನಿ. ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆದರಿದ ಮನುಷ್ಯ ಅಡ್ಡದಾರಿ ಹುಡುಕುತ್ತಾನೆ. ನಾನು ನೇರವಾಗಿ ನಮ್ಮ ಆಚಾರ್ಯರ ಮನೆಗೆ ಹೋದೆ. ಗೋದಾನ ಮಾಡಬೇಕಾದ ಕಡೆ ಹಸುವಿನ ಬದಲು ತೆಂಗಿನಕಾಯಿ ಕೊಟ್ಟು ಮುಗಿಸುವುದು ನಮ್ಮಲ್ಲಿ ರೂಢಿ. ಎಷ್ಟು ಗೋವುಗಳನ್ನು ನಾನೇ ಹೀಗೆ ದಾಟಿಸಿದ್ದೇನೋ! "ಆಚಾರ್ಯರೇ, ಗೋವಿಗೆ ಒಂದು ಕಾಯಿ ಆದರೆ ಕುದುರೆಗೆ?" ಎಂದು ಕೇಳಿದೆ.

ಆಚಾರ್ಯರು ಕಣ್ಣು ಮುಚ್ಚಿ ಯೋಚಿಸಿದರು. "ಕುದುರೆ ದೊಡ್ಡ ಪ್ರಾಣಿ. ಎರಡು ಇಡಿ."

ದಪ್ಪ ನೋಡಿ ಎರಡು ಕಾಯಿ ಕೊಂಡು ಮನೆಗೆ ಬಂದು ವನಜಳ ಮುಂದೆ ಇಟ್ಟು ಶಾಸ್ತ್ರವನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿದಳು.

"ಕಾಗೆಗೆ ಏನಂದಿರಿ? ಕುದುರೆ ಅಂದಿರೋ, ಕಾಯಿ ಅಂದಿರೋ?"

"ಕುದುರೆ."

"ಹಾಗಾದ್ರೆ ಕುದುರೆ" ಎಂದು ಎರಡು ಕಾಯಿಯನ್ನೂ ಒಳಗೆ ತೆಗೆದುಕೊಂಡು ಹೋದಳು. ಒಂದು ವಾರ ಮನೆಯಲ್ಲಿ ಮೂರು ಹೊತ್ತೂ ಚಟ್ನಿ.

ಕೊನೆಗೆ ಫೋನಿನ ಮೇಲೆ ಫೋನು ಮಾಡಿ ವಿಚಾರಿಸಿದಾಗ, ಮೈಸೂರಿನ ಹೊರಗೆ ಮುದಿ ರೇಸ್ ಕುದುರೆಗಳನ್ನು ಸಾಕುವ ಒಂದು ಆಶ್ರಯಧಾಮವಿದೆಯೆಂದೂ, ತೂಫಾನ್ ಮಹಾರಾಜ ಅಲ್ಲೇ ಇದೆಯೆಂದೂ ತಿಳಿಯಿತು. ನಡೆಸುವವರು ಶಾಲಿನಿ ಎಂಬ ಮೇಡಂ. "ನೀವು ಅಲ್ಲಿಂದಲೇ ಸಪೋರ್ಟ್ ಮಾಡಬಹುದು ಸರ್. ಕುದುರೆ ಇಲ್ಲೇ ಇರುತ್ತೆ. ಅದರ ಮೇವಿಗೆ ನಿಮ್ಮ ಕೈಲಾದಷ್ಟು ಕಳಿಸಿ, ನಿಮ್ಮ ಭಾವನ ಹೆಸರು ಹಾಕ್ತೀವಿ. ಅಷ್ಟೇ ಸಾಕು" ಎಂದರು.

ಅಷ್ಟೇ ಸಾಕಾಗಿತ್ತು! ಅಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಹೊಳೆದಂಡೆಯ ವಿಡಿಯೋ ಓಡಾಡಿ, ನಾನು 'ಅಶ್ವಬಂಧು' ಆಗಿಬಿಟ್ಟಿದ್ದೆ. ಕುದುರೆ ಮೈಸೂರಿನಲ್ಲಿದ್ದರೆ ಅಶ್ವಬಂಧುವನ್ನು ಹೊಳೆನರಸೀಪುರದಲ್ಲಿ ಯಾರು ನೋಡುತ್ತಾರೆ? ದಾನ ಮಾಡಿದ್ದು ನಾಲ್ಕು ಜನಕ್ಕೆ ಕಾಣಬೇಡವೇ? ಜೊತೆಗೆ ಕಟ್ಟಾಯ ಎಂಬ ಹಳ್ಳಿಯಲ್ಲಿ ನನ್ನ ಹಳೆಯ ಶಿಷ್ಯ ನಂಜೇಗೌಡ ಇದ್ದಾನೆ. ಜಮೀನಿದೆ, ಕೊಟ್ಟಿಗೆ ಇದೆ, ಹುಲ್ಲು ಬೇಕಾದಷ್ಟಿದೆ.

"ಕುದುರೆಯನ್ನೇ ಕಳಿಸಿಕೊಡಿ ಮೇಡಂ" ಎಂದೆ.

ಶಾಲಿನಿ ಮೇಡಂ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಖುದ್ದಾಗಿ ಕಟ್ಟಾಯಕ್ಕೆ ಬಂದು ಕೊಟ್ಟಿಗೆ ಅಳೆದರು, ನೀರು ನೋಡಿದರು, ಬೇಲಿ ಅಲ್ಲಾಡಿಸಿದರು. ಕುದುರೆ ಒಂಟಿಯಾಗಿ ಇರಬಾರದು, ಜೊತೆಗೆ ಯಾವುದಾದರೂ ಪ್ರಾಣಿ ಬೇಕು ಎಂದರು. ನಂಜೇಗೌಡ, "ನಾಕ್ ಆಡು ಅವೆ, ಎಲ್ಡ್ ಎಮ್ಮೆ ಅವೆ, ನಾನೂ ಇವ್ನಿ ಬುಡಿ" ಎಂದ. ಆಮೇಲೆ ಮೇಡಂ ನನ್ನ ಕಡೆ ತಿರುಗಿದರು.

"ನಿಮಗೆ ಕುದುರೆ ನೋಡಿಕೊಂಡ ಅನುಭವ ಇದೆಯಾ ಸರ್?"

"ಹದಿನೆಂಟು ವರ್ಷ ಒಂಬತ್ತನೇ ತರಗತಿ ಸಿ ಸೆಕ್ಷನ್ನಿಗೆ ಕ್ಲಾಸ್ ಟೀಚರ್ ಆಗಿದ್ದೆ" ಎಂದೆ.

ಅವರು ಏನನ್ನೋ ಬರೆದುಕೊಂಡರು. ನಂಜೇಗೌಡನನ್ನು ಪಕ್ಕಕ್ಕೆ ಕರೆದು ಅರ್ಧ ಗಂಟೆ ಹೇಳಿಕೊಟ್ಟರು. ಅವನೂ ವಿಧೇಯನಾಗಿ ತಲೆಯಾಡಿಸುತ್ತಿದ್ದ. ನನ್ನ ಕ್ಲಾಸಿನಲ್ಲಿ ಅಷ್ಟು ಗಮನ ಕೊಟ್ಟಿದ್ದರೆ ಪಾಸಾಗುತ್ತಿದ್ದ ಎಂದು ನನಗೆ ಬೇಸರವಾಯಿತು.

ತೂಫಾನ್ ಮಹಾರಾಜ ಬಂತು. ಹೆಸರು ಕೇಳಿ ನೀವು ಏನೇನೋ ಊಹಿಸಿಕೊಳ್ಳಬೇಡಿ. ಬಿಸಿಲಿಗೆ ಬಣ್ಣ ಹೋದ ಕೊಡೆಯಂಥ ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ, ಒಂದು ಮೊಣಕಾಲು ದಪ್ಪ. ಲಾರಿಯಿಂದ ಇಳಿದು ಸುತ್ತ ಒಮ್ಮೆ ನೋಡಿ, ಎಮ್ಮೆಗಳ ಪಕ್ಕ ಹೋಗಿ ನಿಂತು ನಿಟ್ಟುಸಿರು ಬಿಟ್ಟಿತು. ನಾನು ನಿವೃತ್ತಿಯಾದ ಮಾರನೆಯ ದಿನ ಜಗಲಿಯಲ್ಲಿ ಕೂತು ಬಿಟ್ಟಿದ್ದೂ ಅದೇ ನಿಟ್ಟುಸಿರು. ವನಜ ಹತ್ತಿರ ಹೋಗಿ ಅದರ ಹಣೆ ಮುಟ್ಟಿದಳು. "ಅಣ್ಣನ್ನ ನೋಡಿದೀಯಾ ನೀನು? ರೇಸ್ ಕೋರ್ಸಿನ ಬೇಲಿ ಹತ್ರ ನಿಂತಿರ್ತಿದ್ದ, ಬಿಳೀ ಷರಟು" ಎಂದು ಕೇಳಿದಳು. ಕುದುರೆ ಅವಳ ಸೆರಗು ಮೂಸಿತು. ನಾನು ಫೋಟೋ ತೆಗೆದೆ. ಫೋಟೋದಲ್ಲಿ ನನ್ನ ಮುಖವೂ ಬರುವ ಹಾಗೆ ನೋಡಿಕೊಂಡೆ.

ಇಲ್ಲಿಂದ ಮುಂದೆ ನಡೆದದ್ದಕ್ಕೆ ಪೂರ್ತಿ ಹೊಣೆ ನನ್ನದೇ. ಸ್ವಲ್ಪ ನಮ್ಮ ಅಡುಗೆಮನೆಯದು.

ರಾಘಣ್ಣನ ಮಾಸಿಕ ಬಂತು. ಕುದುರೆ ಇರುವ ಕಟ್ಟಾಯದಲ್ಲೇ ಎಲ್ಲರೂ ಸೇರಿ ಊಟ ಮಾಡೋಣ ಎಂದು ನಾನೇ ಗುಂಪಿನಲ್ಲಿ ಬರೆದೆ. ಆಹಾ, ಏನು ಜನ! ರಾಘಣ್ಣ ಹಾಸನದಲ್ಲಿ ಒಬ್ಬರೇ ಇದ್ದ ಏಳು ವರ್ಷದಲ್ಲಿ ಅವರ ಬಾಗಿಲು ತಟ್ಟದವರೆಲ್ಲ ಕುದುರೆ ನೋಡಲು ಬಂದರು. ಅದರ ಜೊತೆ ಸೆಲ್ಫಿ ತೆಗೆದುಕೊಂಡರು. "ಕಣ್ಣು ಥೇಟ್ ರಾಘಣ್ಣನದೇ" ಎಂದರು. ರಾಘಣ್ಣನ ಕಣ್ಣು ಇವರು ನೋಡಿದ್ದು ಯಾವಾಗಲೋ! ಈ ಮಾತು ಹೇಳುವ ಯೋಗ್ಯತೆ ನನಗೂ ಇಲ್ಲ ಎಂದು ನೆನಪಾಗಿ ಸುಮ್ಮನಾದೆ.

ಆ ದಿನದ ಸಿಹಿ ಹಯಗ್ರೀವ. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪ, ದ್ರಾಕ್ಷಿ, ಗೋಡಂಬಿ, ಮೇಲೆ ಲವಂಗ. ಹೊಳೆನರಸೀಪುರದಲ್ಲಿ ಮಾಡಿಸಿ ತಂದ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ನನಗೆ ಜ್ಞಾನೋದಯವಾಯಿತು. ಹಯಗ್ರೀವ ಎಂದರೆ ಯಾರ ನೈವೇದ್ಯ? ಕುದುರೆ ಮುಖದ ದೇವರದು! ಭಕ್ತರು ಪಾತ್ರೆಯನ್ನು ತಲೆಯ ಮೇಲೆ ಹೊತ್ತು ನಿಂತರೆ ದೇವರು ಕುದುರೆಯ ರೂಪದಲ್ಲಿ ಬಂದು ತಿನ್ನುತ್ತಿದ್ದ ಕಥೆಯನ್ನು ನಾವು ತೊಟ್ಟಿಲಲ್ಲೇ ಕೇಳಿದವರು. ಕುದುರೆ ಎದುರಿಗಿದೆ, ಹಯಗ್ರೀವ ಕೈಯಲ್ಲಿದೆ, ಇನ್ನು ಕೇಳುವುದೇನು?

ನಂಜೇಗೌಡ ಓಡಿ ಬಂದ. "ಸಾ, ಬ್ಯಾಡಿ ಸಾ! ಒಣಗಿದ್ ಉಲ್ಲು, ಅಸೀ ಉಲ್ಲು, ನೀರು. ಅದ್ ಬುಟ್ಟು ಬ್ಯಾರೆ ಏನೂ ಬಾಯ್ಗಾಕ್ಬ್ಯಾಡಿ ಅಂತ ಮೇಡಮ್ಮೋರು ಏಳವ್ರೆ."

"ನಂಜ, ಒಂಬತ್ತನೇ ಕ್ಲಾಸಲ್ಲಿ ಗಣಿತದಲ್ಲಿ ನಿನಗೆ ಎಷ್ಟು ಬಂದಿತ್ತು?"

"ಅನ್ನೆಲ್ಡು ಸಾ."

"ಕೊಟ್ಟೋರು ಯಾರು?"

"ನೀವೇ ಸಾ."

"ಮತ್ತೆ?"

ಪಾಪ, ಅವನು ಹಿಂದೆ ಸರಿದ. ವನಜಳೂ ಕೇಳಿದಳು, "ರೀ, ಕೊಡಬಹುದಾ? ನಿಜವಾಗ್ಲೂ ಗೊತ್ತಾ ನಿಮಗೆ?"

"ಸಾಕ್ಷಾತ್ ದೇವರೇ ತಿಂದಿದ್ದಾನೆ, ಇದು ಯಾವ ಲೆಕ್ಕ? ನಾನಿದೀನಿ" ಎಂದೆ. ಅವಳು ನಂಬಿದಳು. ನಂಬಿದ್ದನ್ನು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಪಾತ್ರೆ ತಲೆಯ ಮೇಲೆ ಹೊತ್ತು, ಕಣ್ಣು ಮುಚ್ಚಿ, ಕುದುರೆಗೆ ಬೆನ್ನು ಮಾಡಿ ನಿಂತೆ. ಬಂಧುಗಳು ವಿಡಿಯೋ ಹಿಡಿದರು. ತೂಫಾನ್ ಮಹಾರಾಜ ಮೊದಲು ನನ್ನ ಶಲ್ಯ ತಿಂದು ನೋಡಿತು. ರುಚಿಸಲಿಲ್ಲ. ಆಮೇಲೆ ಮೂತಿ ಮೇಲೆತ್ತಿ ಪಾತ್ರೆಗೆ ಹಾಕಿತು. ಬೆಲ್ಲದ ಪಾಕ ನನ್ನ ಕಿವಿಯ ಹಿಂದೆ ಇಳಿಯಿತು. ಸ್ವಲ್ಪ ತಿಂದು ನಿಲ್ಲಿಸುತ್ತದೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅದು ಯಾವುದನ್ನೋ ಕೊನೆಯವರೆಗೆ ಮುಗಿಸಿ ಗೆದ್ದಿತು! ಮೂವತ್ತು ಜನಕ್ಕೆ ಮಾಡಿಸಿದ ಹಯಗ್ರೀವ. ಪಾತ್ರೆ ತೊಳೆಯುವ ಕೆಲಸವೂ ಉಳಿಯಲಿಲ್ಲ.

"ನಮಗೆ?" ಎಂದು ಕೇಳಿದರು ಚಿಕ್ಕಪ್ಪ.

"ನಿಮಗೆ ಶುಗರ್ ಇದೆ" ಎಂದೆ.

ಊಟ ಮುಗಿಸಿ ಎಲೆ ಎತ್ತುವಷ್ಟರಲ್ಲಿ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. "ಆನಂದಕ್ಕೆ" ಎಂದು ನಾನು ವಿವರಿಸಿದೆ. ಆಮೇಲೆ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡತೊಡಗಿತು. "ತೃಪ್ತಿಗೆ" ಎಂದೆ. ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿತು. ಅದಕ್ಕೆ ನನ್ನ ಹತ್ತಿರ ವಿವರಣೆ ಇರಲಿಲ್ಲ.

ನಂಜೇಗೌಡ ಮೊದಲು ಶಾಲಿನಿ ಮೇಡಂಗೆ, ಆಮೇಲೆ ಹಾಸನದ ದನದ ಡಾಕ್ಟರಿಗೆ ಫೋನು ಮಾಡಿದ. ಡಾಕ್ಟರು ಜೀಪಿನಲ್ಲಿ ಬಂದರು. ಹೊಟ್ಟೆಗೆ ಕಿವಿಯಿಟ್ಟು ಕೇಳಿ ಮುಖ ಗಂಟು ಹಾಕಿಕೊಂಡರು.

"ಏನು ತಿನ್ನಿಸಿದಿರಿ?"

"ಹಯಗ್ರೀವ."

"ಯಾವ ಕಂಪನಿದು?"

"ಔಷಧಿ ಅಲ್ಲ ಡಾಕ್ಟ್ರೇ, ನೈವೇದ್ಯ. ಕಡಲೆಬೇಳೆ, ಬೆಲ್ಲ, ತುಪ್ಪ..."

"ಎಷ್ಟು?"

"ಮೂವತ್ತು ಎಲೆಗೆ ಆಗುವಷ್ಟು."

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಕಿವಿಯ ಹಿಂದಿನ ಪಾಕಕ್ಕೆ ನೊಣ ಮುತ್ತಿತ್ತು. "ಕುದುರೆಗೆ ವಾಂತಿ ಬರೋದಿಲ್ಲ, ಗೊತ್ತಾ ನಿಮಗೆ? ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು. ಹೋಗಲಿಲ್ಲ ಅಂದ್ರೆ ಜೀವ ಹೋಗುತ್ತೆ" ಎಂದರು.

ಇದು ನನಗೆ ಗೊತ್ತಿರಲಿಲ್ಲ. ಒಂಬತ್ತನೇ ಸಿ ಸೆಕ್ಷನ್ನಿನಲ್ಲಿ ಯಾರಿಗೂ ಈ ತೊಂದರೆ ಇರಲಿಲ್ಲ.

ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಟ್ಟರು, ಸೂಜಿ ಹಾಕಿದರು. "ಮಲಗೋಕೆ ಬಿಡಬೇಡಿ, ನಿಧಾನವಾಗಿ ನಡೆಸ್ತಾ ಇರಿ. ಲದ್ದಿ ಹಾಕಿದರೆ ಬದುಕಿತು ಅಂದ್ಕೊಳ್ಳಿ" ಎಂದರು. ನಂಜೇಗೌಡ ಹಗ್ಗ ಹಿಡಿಯಲು ಮುಂದೆ ಬಂದ. ಅಷ್ಟರಲ್ಲಿ ವನಜ ಹಿಡಿದಾಗಿತ್ತು. ಸೀರೆ ಎತ್ತಿ ಸಿಕ್ಕಿಸಿ, ಬರಿಗಾಲಲ್ಲಿ, ಕಣದ ಸುತ್ತ ನಡೆಸತೊಡಗಿದಳು. "ನಡಿ ರಾಜ, ನಡಿ ನನ್ನಪ್ಪ. ಬಿಟ್ಟು ಹೋಗ್ಬೇಡ ಕಣೋ" ಎಂದು ಹೇಳುತ್ತಲೇ ಇದ್ದಳು.

ಮೂರು ಸುತ್ತು ಆಗುವವರೆಗೆ ನಾನು ಪಕ್ಕದಲ್ಲಿ ನಿಂತು ನೋಡಿದೆ. ನಾಲ್ಕನೆಯ ಸುತ್ತಿಗೆ ಹತ್ತಿರ ಬಂದಾಗ, "ವನಜ, ಏನೂ ಆಗಲ್ಲ" ಎಂದೆ. ಅವಳು ನಿಲ್ಲಲೂ ಇಲ್ಲ.

"ಅಣ್ಣನಿಗೂ ಇದೇ ಅಂದ್ರಿ. ಏನೂ ಆಗಿಲ್ಲ, ಭಾನುವಾರ ಅಂದ್ರಿ."

ನನಗೆ ಬಾಯಿ ಕಟ್ಟಿತು. ಎಷ್ಟೋ ಕಾಗೆಗಳಿಗೆ ಎಷ್ಟೋ ಮಾತು ಕೊಟ್ಟ ಬಾಯಿ! ಚಪ್ಪಲಿ ಬಿಟ್ಟು, ಕುದುರೆಯ ಆ ಕಡೆಗೆ ಹೋಗಿ, ಅದರ ಕತ್ತಿನ ಪಟ್ಟಿ ಹಿಡಿದು ನಾನೂ ನಡೆದೆ. ಆ ಪ್ರಾಣಿಯ ಮೈ ನಡುಗುತ್ತಿತ್ತು. ಒಂದೊಂದು ಹೆಜ್ಜೆಗೂ ನರಳುತ್ತಿತ್ತು. ನನ್ನ ಬುದ್ಧಿವಂತಿಕೆಯಿಂದ ಒಂದು ಮೂಕಪ್ರಾಣಿ ಸಾಯುವ ಹಾಗಾಯಿತಲ್ಲ ಎಂದು ನನಗೆ ಅಳು ಬಂತು. ನಾನು ಅಳುತ್ತಿದ್ದುದನ್ನು ಬಂಧುಗಳು ವಿಡಿಯೋ ಹಿಡಿಯಲಿಲ್ಲ. ಬೇಕಾದ್ದನ್ನು ಅವರು ಯಾವತ್ತೂ ಹಿಡಿಯುವುದಿಲ್ಲ.

ಎಷ್ಟು ಸುತ್ತಾಯಿತೋ ಲೆಕ್ಕ ತಪ್ಪಿತು. ನನ್ನ ಕಾಲಿಗೆ ಕಲ್ಲು ಒತ್ತಿ ರಕ್ತ ಬಂತು. ಬಂಧುಗಳು ಹೊರಡುವ ಧೈರ್ಯವಿಲ್ಲದೆ ಕಣದ ಅಂಚಿನಲ್ಲಿ ಸಾಲಾಗಿ ಕೂತು, ಮೂವತ್ತು ಜೊತೆ ಕಣ್ಣನ್ನು ಕುದುರೆಯ ಹಿಂಭಾಗಕ್ಕೆ ನೆಟ್ಟಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ತೂಫಾನ್ ಮಹಾರಾಜ ಥಟ್ಟನೆ ನಿಂತಿತು. ಬಾಲ ಎತ್ತಿತು.

"ಬಂತು! ಬಂತು ಕಣ್ ಸಾ! ಆಕ್ಬುಡ್ತು!" ಎಂದು ನಂಜೇಗೌಡ ಕುಣಿದ.

ಲದ್ದಿಗೆ ಅಂಥ ಗೌರವ ಸಂದದ್ದನ್ನು ನಾನು ನೋಡಿಲ್ಲ. ಅರಕಲಗೂಡಿನ ಚಿಕ್ಕಪ್ಪ ಎದ್ದು ನಿಂತು ಕೈಮುಗಿದರು. ಡಾಕ್ಟರು ಕಡ್ಡಿಯಿಂದ ಕೆದಕಿ, ಗೋಡಂಬಿ ಗುರುತಿಸಿ, "ಇನ್ನು ಪರವಾಗಿಲ್ಲ" ಎಂದರು. ವನಜ ಕುದುರೆಯ ಕತ್ತು ತಬ್ಬಿಕೊಂಡು ಜೋರಾಗಿ ಅತ್ತಳು. ಅಣ್ಣ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಶಾಲಿನಿ ಮೇಡಂ ಬಂದರು. ನಾವು ಮನೆಗೆ ಹೋಗದೆ ಅಲ್ಲೇ ಉಳಿದಿದ್ದೆವು. ಮೇಡಂ ಕುದುರೆಯನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. ನಂಜೇಗೌಡನಿಗೆ ಶಹಬ್ಬಾಸ್ ಎಂದರು. ನನಗೆ ಏನೂ ಎನ್ನಲಿಲ್ಲ. ಕುದುರೆ ಕೊಡುವಾಗ ನನ್ನ ಹೆಸರಲ್ಲಿ ತುಂಬಿದ್ದ ಫಾರಂ ಅನ್ನು ಕೈಚೀಲದಿಂದ ತೆಗೆದರು.

"ಕುದುರೆ ವಾಪಸ್ ಕರ್ಕೊಂಡು ಹೋಗೋಕೇ ಲಾರಿ ತಂದಿದೀನಿ. ಈ ಸರ್ ಹೆಸರಲ್ಲಿ ಇನ್ನು ನಾನು ಬಿಡೋಕಾಗಲ್ಲ."

ವನಜ ಮುಂದೆ ಬಂದಳು. ಅವಳ ಕಾಲಿಗೂ ಬಟ್ಟೆ ಕಟ್ಟಿತ್ತು. "ನನ್ನ ಹೆಸರಲ್ಲಿ ಬಿಡಿ. ದಿನಾ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ನಂಜೇಗೌಡ್ರು ಹೇಳಿದ್ದು ಬಿಟ್ಟು ಒಂದು ಹುಲ್ಲುಕಡ್ಡೀನೂ ಜಾಸ್ತಿ ಕೊಡಲ್ಲ. ನಮ್ಮಣ್ಣನಿಗೆ ಮಾಡೋಕಾಗ್ಲಿಲ್ಲ ಮೇಡಂ. ಇದಕ್ಕಾದ್ರೂ ಮಾಡ್ತೀನಿ."

"ಊಂ ಕಣವ್ವ, ಬುಡ್ರವ್ವ" ಎಂದ ನಂಜೇಗೌಡ ಮೇಡಂ ಕಡೆ ನೋಡಿ. "ಅಮ್ಮೋರು ನಿನ್ನೆ ಅಷ್ಟೊತ್ತು ನಡ್ಸವ್ರೆ. ಆ ಕುದ್ರೆ ಅವ್ರ ಬುಟ್ಟು ಓಗಾಕಿಲ್ಲ."

ಮೇಡಂ ವನಜಳ ಕಾಲಿನ ಬಟ್ಟೆಯನ್ನು ನೋಡಿದರು. ಲಾರಿಯವನಿಗೆ ಹೊರಡು ಎಂದು ಕೈಸನ್ನೆ ಮಾಡಿದರು. ಫಾರಂ ಮೇಲೆ ನನ್ನ ಹೆಸರನ್ನು ಅಡ್ಡಗೆರೆ ಹಾಕಿ ಹೊಡೆದು, ವನಜಾಕ್ಷಿ ಎಂದು ಬರೆದರು. ಬೆಳಗಿನಿಂದ ನಾನು ಲದ್ದಿ ಬಾಚುತ್ತಿದ್ದೆ. ಸಲಿಕೆ ಹಿಡಿದೇ ಹತ್ತಿರ ಹೋಗಿ ಇಣುಕಿದೆ. ಮೇಡಂ ಪೆನ್ನಿನಿಂದ ನನ್ನತ್ತ ತೋರಿಸಿದರು.

"ಮತ್ತೆ ಇವರು?"

ವನಜ ನನ್ನನ್ನು ನೋಡಿದಳು. ಅಂಗಿಗೆ ಲದ್ದಿ, ಕಾಲಿಗೆ ಪಟ್ಟಿ, ಕಿವಿಯ ಹಿಂದೆ ಇನ್ನೂ ಬೆಲ್ಲ. ಒಂದು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಬಂತು.

"ಇವರೂ ರಿಟೈರ್ ಆದವ್ರೇ. ಓಡಾಟ ನಿಂತಿದೆ, ಬರೀ ಕೆನೆತ. ಇವರನ್ನೂ ನಾನೇ ನೋಡ್ಕೋತೀನಿ, ಬರ್ಕೊಳ್ಳಿ."

ಮೇಡಂ ನಗಲಿಲ್ಲ. ಗಂಭೀರವಾಗಿ ಫಾರಂ ತಿರುವಿ, 'ಪೋಷಣೆಯಲ್ಲಿರುವವರು' ಎಂಬಲ್ಲಿ ಎರಡು ಎಂದು ತುಂಬಿ, ಕೆಳಗೆ ಹೆಸರುಗಳನ್ನು ಬರೆದುಕೊಂಡರು. ಮೊದಲು ಕುದುರೆಯದು.